ಮರದ ಬೋಗಿಗೆ ಗೆದ್ದಲು ಹಿಡಿಸಿದವನು

ಕಳೆದ ತಿಂಗಳು ಮ್ಯೂಸಿಯಂನಿಂದ ಫೋನು ಬಂತು. ಹೊಸದಾಗಿ ಮೂವರನ್ನು ಕೆಲಸಕ್ಕೆ ತೆಗೆದುಕೊಂಡಿದ್ದಾರಂತೆ. ಹಳೆಯ ಇಂಜಿನ್ನು, ಬೋಗಿಗಳನ್ನು ಹೇಗೆ ನೋಡಿಕೊಳ್ಳಬೇಕು ಎಂದು ಸ್ಮರಣ ಸಂಚಿಕೆಗೆ ಎರಡು ಪುಟ ಬರೆದುಕೊಡಬೇಕಂತೆ. "ಸ್ವಲ್ಪ ಪಾಸಿಟಿವ್ ಆಗಿ ಇರ್ಲಿ ಸಾರ್" ಎಂದು ಫೋನು ಮಾಡಿದಾಕೆ ಎರಡು ಸಲ ಹೇಳಿದಳು. ಎರಡು ಪುಟ ಬರೆದು ಕಳಿಸಿದೆ. ಅದರಲ್ಲಿ ಗ್ರೀಸು, ಪೇಂಟು, ಸಮಯಪಾಲನೆ ಎಲ್ಲ ಇದೆ. ಅದು ಅಚ್ಚಾಗುತ್ತದೆ, ನನ್ನ ಫೋಟೋದ ಜೊತೆಗೆ. ಅಲ್ಲಿ ಬರೆಯದೆ ಬಿಟ್ಟದ್ದು ಇಲ್ಲಿದೆ. ಆ ಮೂವರು ಓದಬೇಕಾದದ್ದು ಇದನ್ನು.

ನಾನು ಗಂಗಾಧರಯ್ಯ, ಹಾಲ್ಕುರಿಕೆಯವನು. ಮನೆಯಲ್ಲಿ ತೆಂಗಿನ ತೋಟವಿತ್ತು, ಈಗಲೂ ಇದೆ. ಮೀಟರ್ ಗೇಜ್ ಕಾಲದಲ್ಲಿ ಒಂದು ಲೋಕೋ ಶೆಡ್ಡಿಗೆ ಹಂಗಾಮಿ ಖಲಾಸಿಯಾಗಿ ಸೇರಿ, ಉಗಿ ಇಂಜಿನ್ನಿನ ಹೊಟ್ಟೆಯೊಳಗೆ ತೂರಿ ಬೂದಿ ತೆಗೆದು, ಫಿಟ್ಟರುಗಳ ಬೈಗುಳ ತಿಂದು ಕೆಲಸ ಕಲಿತೆ. ಲೈನು ಬ್ರಾಡ್ ಗೇಜ್ ಆಯಿತು. ಉಗಿ ಹೋಯಿತು, ಅದರ ಹಿಂದೆಯೇ ಹಂಗಾಮಿಗಳೂ ಹೋದೆವು. ಕೆಲವು ವರ್ಷ ತೋಟದಲ್ಲಿ ಕಾಯಿ ಸುಲಿದುಕೊಂಡಿದ್ದೆ. ಆಮೇಲೆ ಒಂದು ಖಾಸಗಿ ಟ್ರಸ್ಟಿನವರು ತಿಪಟೂರಿನ ಆಚೆ ಪಾಳುಬಿದ್ದಿದ್ದ ಯಾರ್ಡಿನಲ್ಲಿ ರೈಲು ಮ್ಯೂಸಿಯಂ ಮಾಡುತ್ತಾರೆ, ಉಗಿ ಇಂಜಿನ್ ಬಲ್ಲವರು ಬೇಕಂತೆ ಎಂದು ತಿಳಿದು ಹೋದೆ. ನಿವೃತ್ತಿಯವರೆಗೆ ಅಲ್ಲೇ ಇದ್ದೆ. ಟ್ರಸ್ಟಿನ ಹೆಸರು ಬರೆಯುವುದಿಲ್ಲ. ಬರೆದರೆ ಅದಕ್ಕೂ ಪ್ರಚಾರ ಎಂದು ಖುಷಿಪಟ್ಟಾರು.

ನಮ್ಮಲ್ಲಿ ಇದ್ದದ್ದು ಎರಡು ಉಗಿ ಇಂಜಿನ್, ಕೈಯಲ್ಲಿ ತಿರುಗಿಸುವ ಒಂದು ಕ್ರೇನು, ಗಾರ್ಡಿನ ಬ್ರೇಕ್ ವ್ಯಾನು, ಹಿಂದೆ ಸಾಹೇಬರು ಲೈನು ತನಿಖೆಗೆ ಬರುತ್ತಿದ್ದ ಸಲೂನು, ತಳ್ಳುವ ಟ್ರಾಲಿ, ಮತ್ತೆ ಮೂರನೇ ದರ್ಜೆಯ ಒಂದು ಮರದ ಬೋಗಿ. ಬಂದವರೆಲ್ಲ ಇಂಜಿನ್ನಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆದರೆ ಅಷ್ಟರಲ್ಲಿ ಅಪರೂಪದ್ದು ಆ ಬೋಗಿ. ಅಂಥ ಇಂಜಿನ್ನುಗಳು ಬೇರೆ ಕಡೆಯೂ ನಿಂತಿವೆ. ಪೂರ್ತಿ ಮರದ, ಒಳಗಿನ ಬೆಂಚು, ಹೆಂಗಸರ ಅಡ್ಡಗೋಡೆ, ಕಿಟಕಿಯ ಮರದ ಷಟರು ಎಲ್ಲವೂ ಇದ್ದ ಮೀಟರ್ ಗೇಜ್ ಬೋಗಿ ನಾನು ನೋಡಿದ್ದು ಅದೊಂದೇ. ಬೆಂಚಿನ ಕೆಳಗಿನ ಹಲಗೆಯಲ್ಲಿ ಕೊಬ್ಬರಿ ಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಸಂತೆಗೆ ಹೋಗುವವರು ಕೊಬ್ಬರಿ ಚೀಲಗಳನ್ನು ಅಲ್ಲೇ ತುರುಕುತ್ತಿದ್ದರಲ್ಲ. ವಯಸ್ಸಾದವರು ಒಳಗೆ ಹತ್ತಿದವರೇ ಮೂಗು ಅರಳಿಸಿ ಸುಮ್ಮನೆ ಕೂತುಬಿಡುತ್ತಿದ್ದರು.

ಮೊದಲ ಮೇಲ್ವಿಚಾರಕರು ಶ್ರೀಕಂಠಯ್ಯ. ಶೆಡ್ಡಿನಲ್ಲೇ ಜೀವ ಸವೆಸಿ ಬಂದವರು, ಮಹಾ ಸಿಡುಕ. ಕೈಯಲ್ಲಿ ಯಾವಾಗಲೂ ಒಂದು ಸಣ್ಣ ಸುತ್ತಿಗೆ. ಬೆಳಿಗ್ಗೆ ಬಂದವರೇ ಇಂಜಿನ್ನಿನ ಒಂದೊಂದು ರಿವೆಟ್ಟಿಗೂ ಟಕ್ ಎಂದು ಬಡಿದು ಕಿವಿಯಿಟ್ಟು ಕೇಳುತ್ತಿದ್ದರು. ಗಟ್ಟಿ ರಿವೆಟ್ಟಿನ ಸದ್ದೇ ಬೇರೆ, ತುಕ್ಕು ತಿಂದದ್ದರ ಸದ್ದೇ ಬೇರೆ.

"ಕೇಳಿಸ್ತೇನೋ?"

"ಇಲ್ಲ ಸಾರ್."

"ಕಿವೀಲಿ ಏನು ಕೊಬ್ಬರಿ ತುಂಬ್ಕೊಂಡಿದ್ದೀಯಾ? ಇನ್ನೊಂದ್ಸಲ ಕೇಳು."

ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ನಮ್ಮಪ್ಪ ಹೇಳುತ್ತಿದ್ದರು. ಅದನ್ನು ನೆನೆಸಿಕೊಂಡ ಮೇಲೆ ಸುತ್ತಿಗೆಯ ಭಾಷೆ ನನಗೂ ತಿಳಿಯಿತು. ಈಗ ಅದಕ್ಕೆ ಮೆಷಿನ್ನು ಬಂದಿದೆ, ತಗಡಿನ ದಪ್ಪ ಅಳೆದು ಅಂಕಿ ತೋರಿಸುತ್ತದೆ. ಒಳ್ಳೆಯದೇ. ಆದರೆ ಎಲ್ಲಿ ಹಿಡಿಯಬೇಕು ಎಂದು ಮೆಷಿನ್ನು ಹೇಳುವುದಿಲ್ಲ.

ಶ್ರೀಕಂಠಯ್ಯ ಕಲಿಸಿದ ಮೊದಲ ಪಾಠ, ನಿಂತ ಇಂಜಿನ್ನನ್ನು ಕೊಲ್ಲುವುದು ನೀರು ಎಂದು. ಓಡುವಾಗ ಅದಕ್ಕೆ ನೀರೇ ಜೀವ. ನಿಂತ ಮೇಲೆ ಎಲ್ಲೆಲ್ಲಿ ನೀರು ಕೂರುತ್ತದೋ ಅಲ್ಲಿಂದ ಸಾವು ಶುರು. ಆದ್ದರಿಂದ ನೀರು ಇಳಿಸುವ ಕೊಳಾಯಿಗಳೆಲ್ಲ ತೆರೆದಿರಬೇಕು, ಚಿಮಣಿಗೆ ಮುಚ್ಚಳವಿರಬೇಕು, ಒಳಗೆ ಒಂದು ಹಿಡಿ ಬೂದಿಯೂ ಇರಕೂಡದು. ಬೂದಿಗೆ ತೇವ ತಾಗಿದರೆ ಅದು ಹುಳಿಯಾಗಿ ಕಬ್ಬಿಣವನ್ನು ತಿನ್ನುತ್ತದೆ. ನಾನು ಮೊದಲ ವರ್ಷ ಚಿಮಣಿಗೆ ತಗಡಿನ ಮುಚ್ಚಳ ಹಾಕಿ ಬಲು ಜಾಣನಂತೆ ಬೀಗುತ್ತಿದ್ದೆ. ಚಿಮಣಿಯ ಕೆಳಗಿನ ಹೊಗೆಪೆಟ್ಟಿಗೆಯ ತಳದ ಬೂದಿಯನ್ನು ಮಾತ್ರ ಬಳಿದಿರಲಿಲ್ಲ. ಮಳೆಗಾಲ ಕಳೆದು ಬಾಗಿಲು ತೆಗೆದರೆ ತಳದ ತಗಡು ಹಪ್ಪಳ. ಶ್ರೀಕಂಠಯ್ಯ ಇಡೀ ಯಾರ್ಡಿಗೆ ಕೇಳುವಂತೆ ಬೈದರು. "ಬೂದಿ ತೆಗೆಯದೆ ಇದ್ದೋನು ನಾನೇ ಸಾರ್" ಎಂದೆ. ಬೈಗುಳ ಅಲ್ಲಿಗೆ ನಿಂತಿತು. ಮಧ್ಯಾಹ್ನ ತಮ್ಮ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ನನಗೆ ಕೊಟ್ಟರು. ತಪ್ಪು ಒಪ್ಪಿಕೊಳ್ಳುವುದು ಅಷ್ಟು ಸುಲಭವಾಗಿದ್ದ ಕಾಲವೂ ನನ್ನ ಬಾಳಿನಲ್ಲಿ ಇತ್ತು.

ಆಯುಧಪೂಜೆಯ ವಿಷಯ ಹೇಳಬೇಕು. ಬೇರೆ ಊರಲ್ಲಾದರೆ ಒಂದು ತೆಂಗಿನಕಾಯಿ ಒಡೆದು ಕೈ ಮುಗಿಯುತ್ತಾರೆ. ನಮ್ಮದು ತೆಂಗಿನ ಸೀಮೆ. ಟ್ರಸ್ಟಿನವರಲ್ಲಿ ಅರ್ಧ ಜನ ತೋಟದವರು, ಕಾಯಿ ತರುವುದು ಚೀಲದಲ್ಲಿ. ಇಂಜಿನ್ನಿನ ಮುಂದಿನ ಬಫರ್ ಇದೆಯಲ್ಲ, ಬೋಗಿಗೆ ತಾಗುವ ಗುಂಡನೆಯ ಕಬ್ಬಿಣ, ಅದಕ್ಕೇ ಒಬ್ಬರಾದ ಮೇಲೊಬ್ಬರು ಬಡಿಯುತ್ತಿದ್ದರು. ಕಾಯಿನೀರಿನಲ್ಲಿ ಉಪ್ಪಿದೆ, ಸಿಹಿಯಿದೆ. ಅದು ಸಂದಿಗೆ ಇಳಿದರೆ ಮೊದಲು ಇರುವೆ, ಆಮೇಲೆ ತುಕ್ಕು. ಒಂದು ವರ್ಷ ಇಂಜಿನ್ನಿನ ಮುಂದೆ ಒಂದು ಕಲ್ಲು ತಂದಿಟ್ಟು, ಇದಕ್ಕೆ ಒಡೆಯಿರಿ ಎಂದು ಕೇಳಿಕೊಂಡೆ. ಟ್ರಸ್ಟಿನ ಹಿರಿಯರೊಬ್ಬರಿಗೆ ಸಿಟ್ಟು ಬಂತು.

"ಇಂಜಿನ್‌ಗೆ ಪೂಜೆ ಕಣಯ್ಯ ಇದು. ಕಲ್ಲಿಗೆ ಒಡಿಯೋಕೆ ನಮ್ಮನೇಲಿ ಕಲ್ಲಿಲ್ವಾ?"

ಕಲ್ಲು ಎತ್ತಿಟ್ಟೆ. ಪ್ರತಿ ವರ್ಷ ಹಬ್ಬದ ಮಾರನೆಯ ದಿನ ಎಲ್ಲರೂ ಮನೆಯಲ್ಲಿ ಒಬ್ಬಟ್ಟು ತಿನ್ನುತ್ತಿದ್ದರೆ ನಾನು ಬಫರ್ ತೊಳೆದು, ಒರೆಸಿ, ಎಣ್ಣೆ ಹಚ್ಚುತ್ತಿದ್ದೆ. ಭಕ್ತಿಯ ಜೊತೆ ಜಗಳ ಆಡಬೇಡಿ, ಮಾರನೆಯ ದಿನ ಬೇಗ ಬಂದು ತೊಳೆಯಿರಿ.

ಶ್ರೀಕಂಠಯ್ಯ ಹೋದ ಮೇಲೆ ಆಡಳಿತಾಧಿಕಾರಿ ಎಂದು ಲೋಕೇಶ್ ಬಂದ. ಮೊದಲು ಮದುವೆ, ಸಮಾರಂಭಗಳ ಕಾಂಟ್ರಾಕ್ಟ್ ಮಾಡುತ್ತಿದ್ದವನು. ಬಂದ ದಿನವೇ "ಕಲರ್ ಡಲ್ ಆಗಿದೆ" ಎಂದ. ಇಂಜಿನ್ನಿನ ಮೈಯ ಹಳೆಯ ಬಣ್ಣವನ್ನು ನಾನು ಪದರ ಪದರವಾಗಿ ಉಳಿಸಿಕೊಂಡಿದ್ದೆ. ಕೆಳಗಿನ ಪದರದಲ್ಲಿ ಹಳೆಯ ರೈಲಿನ ಅಕ್ಷರ ಇನ್ನೂ ಮಸುಕಾಗಿ ಕಾಣುತ್ತಿತ್ತು. ಯಾವ ಶೆಡ್ಡು, ಯಾವಾಗ ಓವರ್‌ಹಾಲ್ ಆದದ್ದು, ಎಲ್ಲ ಅದರಲ್ಲೇ ಇತ್ತು. ಲೋಕೇಶ್ ಮರಳು ಊದುವ ಮೆಷಿನ್ನು ತರಿಸಿ ಎರಡೇ ದಿನದಲ್ಲಿ ಎಲ್ಲವನ್ನೂ ಕೆರೆಸಿ ಹಾಕಿ, ಫೈರ್ ಬ್ರಿಗೇಡಿನ ಕೆಂಪು ಬಳಿಸಿದ. ಆ ಇಂಜಿನ್ನು ತನ್ನ ಆಯುಷ್ಯದಲ್ಲಿ ಯಾವತ್ತೂ ಕೆಂಪಾಗಿರಲಿಲ್ಲ ಎಂದೆ. "ಜನಕ್ಕೆ ಕೆಂಪೇ ಇಷ್ಟ, ಗಂಗಾಧರಯ್ಯನವ್ರೇ" ಎಂದ.

ವರ್ಷಕ್ಕೆ ಎರಡು ಸಲ ನಾವು ಹಾರೆ ಹಾಕಿ ಇಂಜಿನ್ನನ್ನು ಒಂದು ಮೊಳ ಮುಂದಕ್ಕೆ ತಳ್ಳುತ್ತಿದ್ದೆವು, ಗಾಲಿಯ ಬೇರಿಂಗು ಒಂದೇ ಕಡೆ ಕೂತು ಹಿಡಿದುಕೊಳ್ಳದಿರಲಿ ಎಂದು. ಅಪಾಯ ಎಂದು ಹೇಳಿ ಅವನು ಗಾಲಿಗಳ ಮುಂದೆ ಹಿಂದೆ ಕಾಂಕ್ರೀಟ್ ಹಾಕಿಸಿದ. ಹಿತ್ತಾಳೆಯ ಸಿಳ್ಳು ಪಾಲಿಶ್‌ಗೆಂದು ಹೋದದ್ದು ಅಧ್ಯಕ್ಷರ ಮನೆಯ ಷೋಕೇಸು ಸೇರಿತು. ಇಂಜಿನ್ನಿನ ಮೇಲೆ ಈಗ ಇರುವುದು ಪೈಪು ಕತ್ತರಿಸಿ ಬಣ್ಣ ಹೊಡೆದ ಡುಪ್ಲಿಕೇಟು. ಹೊಸಬರೇ, ಅದನ್ನು ಜನರಿಗೆ ತೋರಿಸಿ ವಿವರಿಸುವಾಗ ನಿಮಗೆ ನಗು ಬರದಿರಲಿ.

ಇಷ್ಟು ಬರೆದು ನಾನೊಬ್ಬ ಸಾಚಾ, ಉಳಿದವರೆಲ್ಲ ಹಾಳುಮಾಡಿದವರು ಎನ್ನುವ ಹಾಗೆ ಆಯಿತು. ಮರದ ಬೋಗಿಯ ಸಂಗತಿಗೆ ಬರುತ್ತೇನೆ.

ಬೋಗಿ ನಿಂತಿದ್ದ ಹಳಿಯ ಕೆಳಗೆ ಜಲ್ಲಿ ಇತ್ತು. ಜಲ್ಲಿ ಯಾಕೆಂದರೆ ನೀರು ನಿಲ್ಲದೆ ಇಳಿದು ಹೋಗಲಿ ಎಂದು. ಲೋಕೇಶ್ ಅದನ್ನು ತೆಗೆಸಿ, ಮಣ್ಣು ತುಂಬಿಸಿ, ಸುತ್ತ ಹುಲ್ಲುಹಾಸು ಮಾಡಿಸಿದ. ಹುಲ್ಲಿಗೆ ದಿನವೂ ನೀರು. ನೀರು ಬಿಡುತ್ತಿದ್ದವಳು ಜುಂಜಮ್ಮ. ಚಿಕ್ಕನಾಯಕನಹಳ್ಳಿ ರಸ್ತೆಯ ಒಂದು ಹಟ್ಟಿಯವಳು, ಕುರಿ ಸಾಕುವ ಮನೆತನ. ಗಂಡ ತೀರಿಕೊಂಡ ಮೇಲೆ ಮೈದುನರ ಮನೆಯಲ್ಲಿ ಇದ್ದುಕೊಂಡು, ಬೆಳಗಿನ ಮೊದಲ ಬಸ್ಸಿಗೆ ಬಂದು ಗುಡಿಸುವುದು, ಗಿಡ ನೋಡುವುದು ಮಾಡುತ್ತಿದ್ದಳು. ನನ್ನನ್ನು ಅಣ್ಣೋರೆ ಎಂದು ಕರೆಯುತ್ತಿದ್ದಳು. ಹಟ್ಟಿಯಿಂದ ಆಚೆ ಹೋಗಿ ಸಂಬಳದ ಕೆಲಸ ಮಾಡಿದ ಮೊದಲ ಹೆಂಗಸು ತಾನೇ ಎಂದು ಅವಳಿಗೆ ಹೆಮ್ಮೆ. ಮ್ಯೂಸಿಯಂನ ನೀಲಿ ಕೋಟನ್ನು ಬಸ್ಸಿನಲ್ಲೂ ತೆಗೆಯುತ್ತಿರಲಿಲ್ಲ.

ಮಳೆಗಾಲದಲ್ಲಿ ಬೋಗಿಯ ಕೆಳಗೆ ಕಳೆ ಮೊಣಕಾಲುದ್ದ ಬೆಳೆಯಿತು. ಒಂದು ಸಲ ಹಾವು ಕಾಣಿಸಿತು. ಜಲ್ಲಿ ವಾಪಸು ಹಾಕಿಸಿ ಎಂದು ಲೋಕೇಶನಿಗೆ ಹೇಳಿದೆ, "ನೋಡೋಣ" ಎಂದ. ಅವನ ನೋಡೋಣ ಅಂದರೆ ಇಲ್ಲ ಎಂದೇ ಅರ್ಥ. ಆಗ ನನಗೆ ನಮ್ಮ ತೋಟದ ಬುದ್ಧಿ ಬಂತು. ಸುಲಿದ ಕಾಯಿಯ ಮಟ್ಟೆಯನ್ನು, ಅಂದರೆ ನಾರಿನ ಸಿಪ್ಪೆಯನ್ನು, ನಾವು ಮರದ ಬುಡಕ್ಕೆ ಬೋರಲು ಹಾಕಿ ಜೋಡಿಸುತ್ತೇವೆ. ಕಳೆ ಬರುವುದಿಲ್ಲ, ಕೆಸರು ಸಿಡಿಯುವುದಿಲ್ಲ. ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ನಮ್ಮ ತೋಟದಿಂದಲೇ ಟ್ರ್ಯಾಕ್ಟರಿನಲ್ಲಿ ಮಟ್ಟೆ ತರಿಸಿದೆ. ನಾನು, ಜುಂಜಮ್ಮ ಇಬ್ಬರೂ ಎರಡು ದಿನ ಬೋಗಿಯ ಅಡಿಯಲ್ಲಿ ತೆವಳಿ, ಹಳಿಯ ನಡುವೆ, ಆಚೆ ಈಚೆ, ಬೋಗಿಯ ನೆಲ ಹೊತ್ತ ತೊಲೆಗಳ ಹತ್ತಿರಕ್ಕೆ ಬರುವವರೆಗೂ ಒತ್ತಾಗಿ ಜೋಡಿಸಿದೆವು. ಲೋಕೇಶ್ ನೋಡಿ, "ಸೂಪರ್, ಲೋಕಲ್ ಟಚ್" ಎಂದು ಫೋಟೋ ತೆಗೆದುಕೊಂಡ. ನಾನೂ ಉಬ್ಬಿಹೋದೆ.

ನಾವು ಮಟ್ಟೆಯನ್ನು ತೆಂಗಿನ ಬುಡಕ್ಕೆ ಹಾಕುವುದು ಏತಕ್ಕೆ? ತೇವ ಆರದಿರಲಿ ಎಂದು. ಅದು ನಮ್ಮ ಸೀಮೆಯ ಎಳೆ ಮಕ್ಕಳಿಗೂ ಗೊತ್ತು. ನೀರೇ ಸಾವು ಎಂದು ಶ್ರೀಕಂಠಯ್ಯನವರಿಂದ ಕಲಿತವನು, ಆ ಬೋಗಿಯ ಹೊಟ್ಟೆಯ ಕೆಳಗೆ ತೇವದ ಹಾಸಿಗೆ ಹಾಸಿದೆ. ಕಳೆಯೊಂದೇ ನನ್ನ ಕಣ್ಣಿಗೆ ಕಂಡಿತ್ತು. ಇದಕ್ಕಿಂತ ದೊಡ್ಡ ದಡ್ಡತನ ನಾನು ಮಾಡಿಲ್ಲ.

ಎರಡನೇ ಮಳೆಗಾಲ ಮುಗಿಯುತ್ತಿತ್ತು. ಜುಂಜಮ್ಮ ಒಂದು ಬೆಳಿಗ್ಗೆ ಬಂದು ನಿಂತಳು.

"ಅಣ್ಣೋರೆ, ಮಟ್ಟೆ ಒಳಗೆ ಗೆದ್ದಲು ಮಣ್ಣು ಕಾಣ್ತೈತೆ. ಒಂದೀಟು ಬಗ್ಗಿ ನೋಡ್ರಿ."

"ತೇಗದ ಮರ ಕಣಮ್ಮ ಅದು. ತೇಗಕ್ಕೆ ಗೆದ್ದಲು ಹಿಡಿಯಲ್ಲ."

"ಮಟ್ಟೆ ತೆಗ್ದಾಕನ?"

"ಎರಡು ದಿನ ತೆವಳಿ ಹಾಕಿದ್ದೀವಿ. ಸುಮ್ನಿರು."

ನಾನು ಹೊರಗಡೆ ಸುತ್ತಿಗೆಯಿಂದ ಬಡಿದು ನೋಡಿದೆ, ಟಣ್ ಎಂದಿತು. ಹೊರಗಿನದು ತೇಗವೇ. ಆದರೆ ನೆಲದ ತೊಲೆಗಳನ್ನು ಯಾವುದೋ ಕಾಲದಲ್ಲಿ ಶೆಡ್ಡಿನಲ್ಲಿ ಬದಲಾಯಿಸಿ ಅಗ್ಗದ ಮರ ಹಾಕಿದ್ದರು. ಇದನ್ನು ಶ್ರೀಕಂಠಯ್ಯ ನನಗೆ ಬೆರಳಿಟ್ಟು ತೋರಿಸಿದ್ದರು. ನೋಡಬೇಕಾದದ್ದು ಕೆಳಗಿನಿಂದ, ಕೆಳಗೆ ಹೋಗಲು ನನ್ನದೇ ಮಟ್ಟೆ ಅಡ್ಡ. ಮೇಲೆಲ್ಲ ಥಳಕು ಒಳಗೆ ಹುಳುಕು ಎನ್ನುವ ಗಾದೆಯನ್ನು ಲೋಕೇಶನ ಬಣ್ಣಕ್ಕೆ ಎಷ್ಟು ಸಲ ಹೇಳಿ ನಕ್ಕಿದ್ದೆನೋ! ಆ ಮಳೆಗಾಲದಲ್ಲಿ ಅದು ನನ್ನ ಬೋಗಿಯ ಮಾತಾಗಿತ್ತು.

ಒಂದು ದಿನ ಶಾಲೆಯವರು ಬಂದಿದ್ದರು. ಮೇಡಂ ಒಬ್ಬರು ಹೆಂಗಸರ ಅಡ್ಡಗೋಡೆಯ ಹತ್ತಿರ ಕಾಲಿಟ್ಟರು, ಹಲಗೆ ಬಿಸ್ಕತ್ತಿನ ಹಾಗೆ ಮುರಿದು ಕಾಲು ತೊಡೆಯವರೆಗೂ ಕೆಳಗಿಳಿಯಿತು. ಗಾಯ ದೊಡ್ಡದಾಗಲಿಲ್ಲ, ಮಟ್ಟೆಯ ಮೇಲೆ ಕಾಲು ನಿಂತಿತು. ನಾನು ಮಟ್ಟೆ ಸರಿಸಿ ಅಡಿಗೆ ತೆವಳಿ ಟಾರ್ಚ್ ಬಿಟ್ಟೆ. ಮಟ್ಟೆಯೊಳಗಿಂದ ಮಣ್ಣಿನ ಕೊಳವೆಗಳು ಎದ್ದು ತೊಲೆ ಸೇರಿದ್ದವು. ತೊಲೆಗೆ ಬೆರಳು ಒತ್ತಿದರೆ ಬೆರಳೇ ಒಳಗೆ ಹೋಯಿತು. ಅಲ್ಲೇ ಮಲಗಿಕೊಂಡು ಅತ್ತೆ ಎಂದರೆ ಯಾರೂ ನಂಬಲಾರರು. ಅತ್ತೆ.

ವಿಚಾರಣೆಗೆ ಟ್ರಸ್ಟಿನಿಂದ ಮೂವರು ಬರುತ್ತಾರೆ ಎಂದಾಯಿತು. ಅವರು ಬರುವ ದಿನ ಬೆಳಿಗ್ಗೆ ಲೋಕೇಶ್, "ಆ ಮಟ್ಟೆ ಗಲೀಜೆಲ್ಲ ತೆಗೆಸ್ಬಿಡಿ, ಚೆನ್ನಾಗ್ ಕಾಣಲ್ಲ" ಎಂದ. ಅವನಿಗೆ ಬೇಕಾಗಿದ್ದದ್ದು ಚೊಕ್ಕಟ, ಅಷ್ಟೇ. ಆದರೆ ತೆಗೆಸಿದರೆ ಏನು ಮರೆಯಾಗುತ್ತದೆ ಎಂದು ನನಗೆ ಗೊತ್ತಿತ್ತು. ತೆಗೆಸಿದೆ. ಎತ್ತಿ ಹಾಕಿದವಳು ಜುಂಜಮ್ಮನೇ. ಮೂವರು ಬಂದಾಗ ಬೋಗಿಯ ಕೆಳಗೆ ಕಂಡದ್ದು ಒದ್ದೆ ನೆಲ, ಪಕ್ಕದಲ್ಲಿ ನೀರಿನ ಪೈಪು.

ಆಫೀಸಿನಲ್ಲಿ ಕೂತರು. ನಾನು ಒಂದು ಕಡೆ, ಜುಂಜಮ್ಮ ಬಾಗಿಲ ಹತ್ತಿರ.

"ಹುಲ್ಲಿಗೆ ನೀರು ಬಿಡೋರು ಯಾರು?"

"ನಾನೇ ಸೋಮಿ."

"ದಿನಾ ಬಿಡ್ತೀಯಾ?"

"ಬುಡು ಅಂದವ್ರೆ, ಬುಡ್ತೀನಿ."

ಅವರು ನನ್ನ ಕಡೆ ತಿರುಗಿದರು. "ಗಂಗಾಧರಯ್ಯನವರೇ, ನೀವು ಅನುಭವಸ್ಥರು. ಇದು ನೀರಿನಿಂದ ಆಗಿರಬಹುದಾ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು. ಜಲ್ಲಿ ತೆಗೆಸಿದ್ದು ಲೋಕೇಶ್, ಮಟ್ಟೆ ತುಂಬಿದ್ದು ನಾನು, ಗೆದ್ದಲು ಬಂದಿದೆ ಎಂದು ಹೇಳಿದ ಒಬ್ಬಳೇ ಒಬ್ಬಳು ಇವಳು. ಮೂರು ಮಾತು. ಆದರೆ ಮುಂದಿನ ತಿಂಗಳು ವಾರ್ಷಿಕೋತ್ಸವದಲ್ಲಿ ನನಗೆ ಸನ್ಮಾನ ಎಂದು ಕರಪತ್ರ ಅಚ್ಚಾಗಿತ್ತು. 'ಇಂಜಿನ್‌ಗಳ ವೈದ್ಯ' ಎಂದು ಹಾಕಿದ್ದರು. ನಿವೃತ್ತಿಗೆ ಐದು ತಿಂಗಳಿತ್ತು. ನನ್ನ ಹೆಂಡತಿ ಆ ಕರಪತ್ರವನ್ನು ನೆಂಟರಿಗೆಲ್ಲ ಹಂಚಿಯಾಗಿತ್ತು.

"ಆಗಿರಬಹುದು ಸಾರ್" ಎಂದೆ.

ಸುಳ್ಳು ಎನ್ನಲು ಬಾರದು. ನೀರೂ ಕಾರಣವೇ. ಹೊಸಬರಿಗೆ ಹೇಳುತ್ತೇನೆ, ಅಂಥ ಕೋಣೆಗಳಲ್ಲಿ ಪೂರ್ತಿ ಸುಳ್ಳನ್ನು ಯಾರೂ ಕೇಳುವುದಿಲ್ಲ. ಅರ್ಧ ನಿಜವನ್ನು ಕೇಳುತ್ತಾರೆ, ನೀವು ಕೊಡುತ್ತೀರಿ.

"ನೀನೇನಮ್ಮ ಹೇಳ್ತೀಯಾ?" ಎಂದು ಜುಂಜಮ್ಮನನ್ನು ಕೇಳಿದರು.

ಅವಳು ನನ್ನ ಮುಖ ನೋಡಿದಳು. ಬೇಗ ತೆಗೆಯುವ ನೋಟವಾಗಿರಲಿಲ್ಲ ಅದು. ಆಮೇಲೆ, "ಅಣ್ಣೋರು ಹೇಳ್ದಂಗೆ" ಎಂದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳ ನಿರ್ಲಕ್ಷ್ಯದಿಂದ ಬೋಗಿ ಹಾಳಾಯಿತು ಎಂದು ಬರೆದು ಕೆಲಸದಿಂದ ತೆಗೆದರು. ನೀಲಿ ಕೋಟನ್ನು ಆಫೀಸಿನಲ್ಲೇ ಬಿಚ್ಚಿಸಿಕೊಂಡರು. ಅದನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟು, ಸೆರಗು ಹೊದ್ದುಕೊಂಡು, ಬಸ್ಸಿಗೆ ಹೋದಳು.

ಬೋಗಿಯನ್ನು ಉಳಿಸಬಹುದಾಗಿತ್ತು. ತೊಲೆ ಬದಲಾಯಿಸಿದರೆ ಸಾಕಿತ್ತು, ಮೇಲಿನದು ಗಟ್ಟಿಯಾಗಿಯೇ ಇತ್ತು. ಹಾಗೆಂದು ವಾದ ಮಾಡಲು ಹೊರಟರೆ ಗೆದ್ದಲು ಎಲ್ಲಿಂದ ಬಂತು ಎಂಬ ಪ್ರಶ್ನೆ ಮತ್ತೆ ಏಳುತ್ತದೆ. ನಾನು ವಾದ ಮಾಡಲಿಲ್ಲ. ಗ್ಯಾಸ್ ಕಟರ್ ತಂದು ಕೆಳಗಿನ ಕಬ್ಬಿಣ ಕತ್ತರಿಸಿ ಗುಜರಿಗೆ ಹಾಕಿದರು. ಒಳ್ಳೆಯ ಹಲಗೆಗಳನ್ನು ಯಾರು ಯಾರೋ ಒಯ್ದರು, ಉಳಿದದ್ದು ಒಲೆಗೆ. ಒಂದು ಬಾಗಿಲನ್ನು ಮಾತ್ರ ಲೋಕೇಶ್ ಇಟ್ಟುಕೊಂಡ. ಅದರ ಕಿಟಕಿಯಲ್ಲಿ ತಲೆ ತೂರಿಸಿ ಜನ ಈಗ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಸನ್ಮಾನವೂ ಆಯಿತು. ಶಾಲು ಹೊದಿಸಿದರು, ಹಾರ ಹಾಕಿದರು, ನಾನು ಕೈ ಮುಗಿದೆ. ಆ ಶಾಲು ಮೈಮೇಲೆ ಬಿದ್ದಾಗ ನನಗೆ ನಾಚಿಕೆ ಆಯಿತು ಎಂದು ಬರೆಯಬಹುದು. ನಿಜ ಹೇಳಬೇಕೆಂದರೆ ಅವತ್ತು ಖುಷಿಯೇ ಆಗಿತ್ತು. ನಾಚಿಕೆ ಶುರುವಾದದ್ದು ಮನೆಯಲ್ಲಿ ಕೂತ ಮೇಲೆ, ಮಾಡಲು ಕೆಲಸವಿಲ್ಲದಾಗ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಸ್ಮರಣ ಸಂಚಿಕೆಯ ಎರಡು ಪುಟ ಕಳಿಸಿದ ಮೇಲೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಬಸ್ಸು ಹತ್ತಿ ಜುಂಜಮ್ಮನ ಹಟ್ಟಿಗೆ ಹೋದೆ. ಮನೆ ಕೇಳಿದಾಗ ಬೇಲಿಯ ಹತ್ತಿರ ನಿಂತಿದ್ದ ಒಬ್ಬ, "ಯಾರು, ರೈಲಿಗೆ ಗೆದ್ದಲು ತಿನ್ಸಿದ್ಲಲ್ಲ, ಅವಳಾ?" ಎಂದ. ಗೇಲಿಯೇನೂ ಇರಲಿಲ್ಲ ಮಾತಿನಲ್ಲಿ. ಅವಳ ಗುರುತೇ ಅದಾಗಿತ್ತು.

ಜುಂಜಮ್ಮ ಕುರಿ ರೊಪ್ಪದ ಮುಂದೆ ಕೂತು ಸೊಪ್ಪು ಹರಡುತ್ತಿದ್ದಳು. ನನ್ನನ್ನು ಕಂಡು ಎದ್ದು, ಚಾಪೆ ತಂದು ಹಾಸಿದಳು.

"ಅವತ್ತು ನಾನು ಹೇಳಬೇಕಾಗಿತ್ತು ಕಣಮ್ಮ" ಎಂದೆ.

"ಊಂ. ಹೇಳ್ಬೇಕಾಗಿತ್ತು."

"ನೀನಾದ್ರೂ ಯಾಕೆ ಹೇಳಲಿಲ್ಲ? ಮಟ್ಟೆ ಹಾಕಿಸಿದ್ದು ಇವರು ಅಂತ?"

"ನಿಮ್ಮ ಮಖಾನೇ ನೋಡ್ತಾ ನಿಂತಿದ್ದೆ. ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ. ನಾನು ಹೇಳಿದ್ರೆ ಚಾಡಿ ಆಗೋದು ಕಣಣ್ಣ. ನೀವು ಹೇಳಿದ್ರೆ ನಿಜ ಆಗೋದು."

ಟ್ರಸ್ಟಿಗೆ ಕಾಗದ ಬರೆಯುತ್ತೇನೆ, ಎಲ್ಲ ಒಪ್ಪಿಕೊಂಡು ರುಜು ಹಾಕಿಕೊಡುತ್ತೇನೆ ಎಂದೆ.

"ಕಾಗ್ದ ಯಾರಿಗ್ ಬೇಕು ಬುಡಿ. ಆ ಗೇಟೊಳಕ್ಕೆ ನಾನಿನ್ನ ಕಾಲಿಕ್ಕಲ್ಲ. ಹೇಳಂಗಿದ್ರೆ ಇಲ್ಲಿ ಹೇಳಿ, ನಮ್ಮ ಹಟ್ಟಿಯೋರ ಮುಂದೆ. ನಮ್ಮ ಓರಗಿತ್ತೀರು ಬಾಯಿ ಮುಚ್ಚಿದ್ರೆ ನಂಗಷ್ಟೇ ಸಾಕು."

ಒಪ್ಪಿದೆ. ಅವಳೇ ಹೋಗಿ ಹಟ್ಟಿಯ ಯಜಮಾನ ಚಿತ್ತಯ್ಯನನ್ನು ಕರೆತಂದಳು. ಮೈದುನರು, ಓರಗಿತ್ತಿಯರು, ಅಕ್ಕಪಕ್ಕದವರು, ಹತ್ತು ಹನ್ನೆರಡು ಜನ ಬೇವಿನ ಮರದ ಕೆಳಗೆ ಸೇರಿದರು. ಜುಂಜಮ್ಮ ತಲೆ ಬಾಚಿಕೊಂಡು, ಬೇರೆ ಸೀರೆ ಉಟ್ಟು ಬಂದು ಒಂದು ಕಡೆ ಕೂತಳು. ನಾನು ನಿಂತುಕೊಂಡು ಹೇಳಿದೆ. ಒಂದನ್ನೂ ಬಿಡಲಿಲ್ಲ. ಮಟ್ಟೆ ತರಿಸಿದ್ದು, ಗೆದ್ದಲು ಬಂದಿದೆ ಎಂದು ಇವಳು ಹೇಳಿದ್ದು, ನಾನು ಬಾಯಿ ಮುಚ್ಚಿಸಿದ್ದು, ವಿಚಾರಣೆಯ ದಿನ ಮಟ್ಟೆ ತೆಗೆಸಿದ್ದು, "ಆಗಿರಬಹುದು" ಎಂದದ್ದು. ತಪ್ಪೆಲ್ಲ ನನ್ನದು, ಇವಳದು ಎಳ್ಳಷ್ಟೂ ಇಲ್ಲ ಎಂದೆ.

ಚಿತ್ತಯ್ಯ ಕಂಬಳಿ ಸರಿಮಾಡಿಕೊಂಡು ಎದ್ದು ಬಂದು ನನ್ನ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು.

"ಎಂಥಾ ದೊಡ್ಡ ಮನ್ಸು ಸೋಮಿ ನಿಮ್ದು" ಎಂದ. "ನಮ್ಮ ಹಟ್ಟಿ ಹೆಣ್ಮಗಳ ಮಾನ ಉಳೀಲಿ ಅಂತ, ಅಷ್ಟು ದೂರದಿಂದ ಬಂದು, ಅವಳ ತಪ್ಪ ನಿಮ್ಮ ತಲೆ ಮ್ಯಾಲೆ ಹಾಕ್ಕೊಂಡ್ರಲ್ಲ."

"ಇಲ್ಲ ಯಜಮಾನ್ರೇ, ನಿಜವಾಗ್ಲೂ ನಾನೇ" ಎಂದೆ.

"ಗೊತ್ತಾಯ್ತು ಬುಡಿ."

"ಆಣೆ ಮಾಡಿ ಹೇಳ್ತೀನಿ."

"ನೋಡ್ರಲಾ, ಆಣೆ ಬ್ಯಾರೆ ಮಾಡ್ತಾವ್ರೆ!"

ಓರಗಿತ್ತಿಯೊಬ್ಬಳು ಜುಂಜಮ್ಮನ ಕಡೆ ತಿರುಗಿ, "ಇಂಥಾ ದೇವ್ರಂಥೋರ ಕೈಕೆಳಗೆ ಇದ್ದೂ ಕೆಲ್ಸ ಕಳ್ಕಂಡ್ಯಲ್ಲೇ" ಎಂದಳು. ನಾನು ಇನ್ನೂ ಒಂದೆರಡು ಸಲ ಹೇಳಿದೆ. ಹೇಳಿದಷ್ಟೂ ನಾನು ದೊಡ್ಡವನಾಗುತ್ತ ಹೋದೆ. ಜುಂಜಮ್ಮ ಯಾರನ್ನೂ ನೋಡದೆ ಎದ್ದಳು, ರೊಪ್ಪದ ಕಡೆ ಹೋಗಿ, ಉಟ್ಟಿದ್ದ ಒಳ್ಳೆಯ ಸೀರೆಯಲ್ಲೇ ಕೂತು ಮತ್ತೆ ಸೊಪ್ಪು ಹರಡತೊಡಗಿದಳು.

ನನ್ನನ್ನು ಚಾಪೆಯ ಮೇಲೆ ಕೂರಿಸಿ ಎಳನೀರು ಕೆತ್ತಿ ಕೊಟ್ಟರು. ಕುಡಿದೆ.